ಅಡುಗೆಮನೆಯಲ್ಲೇ ಸ್ಪ್ಯಾನಿಷ್: ಮೆಕ್ಸಿಕೋ ಸಿಟಿಗೆ ಬಂದ ಕನ್ನಡಿಗರಿಗೆ

ಮೆಕ್ಸಿಕೋ ಸಿಟಿಗೆ ಬಂದ ಮೊದಲ ವಾರ, ಸಾರು ಮಾಡೋಣ ಅಂತ ಮನೆ ಹತ್ತಿರದ ಸಂತೆಗೆ ಹೋದೆ. ಫೋನಿನ ಆ್ಯಪ್‌ನಲ್ಲಿ ಎರಡು ತಿಂಗಳು ಕಲಿತ ಧೈರ್ಯ ಇತ್ತು. ಒಂದು ಕಿಲೋ 'ತೊಮಾತೆ' ಕೊಡಿ ಎಂದೆ. ಅಂಗಡಿಯಾಕೆ ಹಸಿರು ಕಾಯಿಗಳನ್ನು ತೂಗಿ ಚೀಲಕ್ಕೆ ಸುರಿದರು. ನಿಂಬೆಹಣ್ಣಿನಷ್ಟು ಗಾತ್ರ, ಮೇಲೆ ಒಣಗಿದ ಕಾಗದದಂಥ ಸಿಪ್ಪೆ, ಸುಲಿದರೆ ಕೈಗೆಲ್ಲಾ ಅಂಟು. ಇಲ್ಲಿ ಕೆಂಪು ಟೊಮೆಟೊ ಬೇಕಿದ್ದರೆ 'ಹಿತೊಮಾತೆ' ಅನ್ನಬೇಕು. ಬರೀ 'ತೊಮಾತೆ' ಅಂದರೆ ಈ ಹಸಿರು ಕಾಯಿ. ದೇಶದ ಉತ್ತರದ ಊರುಗಳಲ್ಲಿ ಮತ್ತೆ ಕೆಂಪಿಗೇ ತೊಮಾತೆ ಅನ್ನುತ್ತಾರೆ. ಆವತ್ತು ಆ ಹಸಿರು ಕಾಯಿಯನ್ನೇ ಹೆಚ್ಚಿ, ಒಗ್ಗರಣೆಯಲ್ಲಿ ಮೆತ್ತಗಾಗುವ ತನಕ ಬಾಡಿಸಿ, ಬೆಲ್ಲ ಹಾಕಿ ಗೊಜ್ಜು ಮಾಡಿದೆ. ಹುಣಸೆಹಣ್ಣು ಬೇಕಾಗಲೇ ಇಲ್ಲ, ಅಷ್ಟು ಹುಳಿ. ಈಗಲೂ ವಾರಕ್ಕೊಮ್ಮೆ ಅದೇ ಗೊಜ್ಜು ಮಾಡುತ್ತೇನೆ.

ಆ ಎರಡು ಪದ ಇನ್ನು ಮರೆಯುವ ಮಾತೇ ಇಲ್ಲ. ಆ್ಯಪ್‌ನಲ್ಲಿ ನೂರು ಸಲ ಒತ್ತಿ ಕಲಿತದ್ದು ಅರ್ಧ ಮರೆತಿದೆ, ಕೈಗೆ ಅಂಟಿದ್ದು ಉಳಿದಿದೆ. ಅದಕ್ಕೇ ಹೊಸದಾಗಿ ಬಂದವರಿಗೆ ನಾನು ಹೇಳುವುದು ಎರಡೇ. ಭಾಷೆಯನ್ನು ಅಡುಗೆಮನೆಯಿಂದ ಶುರು ಮಾಡಿ, ಯಾಕೆಂದರೆ ಅಲ್ಲಿ ಅವೇ ನೂರೈವತ್ತು ಪದಗಳು ದಿನಾ ಬರುತ್ತವೆ, ಬೇಡ ಅಂದರೂ ಅಭ್ಯಾಸ ಆಗುತ್ತದೆ. ಮತ್ತೆ, ಇಂಗ್ಲಿಷ್ ಮೂಲಕ ಹೋಗಬೇಡಿ. ಕನ್ನಡದಿಂದ ನೇರ ಹೋಗಿ. ಈ ಎರಡನೆಯದನ್ನು ಯಾರೂ ನಮಗೆ ಹೇಳಿಕೊಡುವುದಿಲ್ಲ, ಯಾಕೆಂದರೆ ಪುಸ್ತಕ, ಆ್ಯಪ್, ಕ್ಲಾಸು ಎಲ್ಲವೂ ಇಂಗ್ಲಿಷ್ ಬಲ್ಲವರಿಗೆ ಅಂತಲೇ ಮಾಡಿರುತ್ತಾರೆ.

ಕನ್ನಡದಿಂದ ನೇರ ದಾರಿ

'ಮೆ ಗುಸ್ತಾ ಎಲ್ ಅರ್ರೋಸ್' ಅನ್ನುವುದನ್ನು ಇಂಗ್ಲಿಷ್ ಪುಸ್ತಕಗಳು ಮೂರು ಪುಟ ವಿವರಿಸುತ್ತವೆ. ನಮಗೆ ಅದು ಸುಮ್ನೆ 'ನನಗೆ ಅನ್ನ ಇಷ್ಟ'. 'ಮೆ' ಅಂದರೆ ನನಗೆ, ಅಷ್ಟೇ. ತಲೆನೋವಿಗೂ ಹಾಗೇ, 'ಮೆ ದುವೇಲೆ ಲಾ ಕಬೇಸಾ', ನನಗೆ ತಲೆ ನೋಯುತ್ತಿದೆ. ಸಾರಿಗೆ ಉಪ್ಪು ಸಾಲದು ಅನ್ನುವುದಕ್ಕೆ 'ಅ ಲಾ ಸೋಪಾ ಲೆ ಫಾಲ್ತಾ ಸಾಲ್'. ಆ 'ಲೆ' ನಮ್ಮ 'ಸಾರಿಗೆ'ಯ 'ಗೆ' ಮಾಡುವ ಕೆಲಸವನ್ನೇ ಮಾಡುತ್ತದೆ. ನನಗೆ ತುಂಬಾ ಇಷ್ಟವಾದ ವಾಕ್ಯ ಇನ್ನೊಂದಿದೆ. 'ಸೆ ಮೆ ಒಲ್ಬಿದೋ ಲಾ ಸಾಲ್'. ಉಪ್ಪು ನನಗೆ ಮರೆತುಹೋಯಿತು. ನಾನು ಮರೆತೆ ಅಂತಲ್ಲ, ನನಗೆ ಮರೆತುಹೋಯಿತು! ಅನ್ನ ಸೀದುಹೋದರೆ 'ಸೆ ಮೆ ಕೆಮೋ ಎಲ್ ಅರ್ರೋಸ್', ಲೋಟ ಕೈಜಾರಿ ಬಿದ್ದರೆ 'ಸೆ ಮೆ ಕಯೋ ಎಲ್ ಬಾಸೊ'. ಅಡುಗೆಮನೆಯಲ್ಲಿ ಆಗುವ ಎಲ್ಲಾ ಅನಾಹುತಗಳಿಗೂ ಇದೇ ಅಚ್ಚು.

ಬಿಸಿ ಬೇರೆ, ಖಾರ ಬೇರೆ ಅನ್ನುವುದೂ ಹಾಗೆಯೇ. ಇಂಗ್ಲಿಷ್‌ನಲ್ಲಿ ಎರಡಕ್ಕೂ 'ಹಾಟ್' ಅನ್ನುವ ಅಭ್ಯಾಸದಿಂದ ಇಲ್ಲಿ ಎಷ್ಟೋ ಜನ ಸಾಲ್ಸಾ, ಅಂದರೆ ಇಲ್ಲಿನ ಖಾರದ ಚಟ್ನಿಯ ಬಟ್ಟಲು ತೋರಿಸಿ ಬಿಸಿಯಾಗಿದೆಯಾ ಅಂತ ಕೇಳುತ್ತಾರೆ. ನೀವು ಕನ್ನಡದಲ್ಲಿ ಯೋಚಿಸಿದರೆ ಈ ತಪ್ಪು ಆಗುವುದಿಲ್ಲ. ಬಿಸಿಗೆ 'ಕಲಿಯೆಂತೆ', ಖಾರಕ್ಕೆ 'ಪಿಕಾ'. ಸಾಲ್ಸಾ ಮುಟ್ಟುವ ಮುಂಚೆ 'ಪಿಕಾ ಮೂಚೊ?' ಅಂತ ಕೇಳಿ. 'ನೊ ಪಿಕಾ' ಅಂತ ಉತ್ತರ ಬಂದರೂ ಚಮಚದ ತುದಿಯಲ್ಲಿ ನೋಡಿಯೇ ಹಾಕಿಕೊಳ್ಳಿ, ಅವರ ಲೆಕ್ಕ ಅವರದು.

ನೀನು, ನೀವು ಇಲ್ಲೂ ಇವೆ, 'ತು' ಮತ್ತು 'ಉಸ್ತೆದ್'. ಸಂತೆಯಲ್ಲಿ, ಅಕ್ಕಪಕ್ಕದ ಹಿರಿಯರ ಜೊತೆ, ಕಟ್ಟಡದ ಕಾವಲುಗಾರರ ಜೊತೆ ಉಸ್ತೆದ್ ಬಳಸಿ. ಯಾರಿಗೆ ಯಾವುದು ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ, ಮನೆಯಲ್ಲೇ ಕಲಿತು ಬಂದಿದ್ದೇವೆ. ಇನ್ನೊಂದು, 'ಬಂದೆ' ಅಂದರೆ ನಾನು ಅಂತ ಬೇರೆ ಹೇಳಬೇಕಾ? ಇಲ್ಲ ಅಲ್ವಾ. ಸ್ಪ್ಯಾನಿಷ್ ಕೂಡ ಹಾಗೇ, ಕ್ರಿಯಾಪದದ ಕೊನೆಯಲ್ಲೇ ಯಾರು ಅಂತ ಗೊತ್ತಾಗುತ್ತದೆ. ಪ್ರತಿ ವಾಕ್ಯಕ್ಕೂ 'ಯೊ, ಯೊ' ಅಂತ ಸೇರಿಸುವುದು ಇಂಗ್ಲಿಷ್‌ನ ಚಟ, ಬಿಟ್ಟುಬಿಡಿ.

ಉಚ್ಚಾರಣೆಗೆ ಒಂದು ಸಣ್ಣ ಉಪಾಯ: ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ಇಂಗ್ಲಿಷ್‌ನ 'ಟಿ' ನೋಡಿದ ತಕ್ಷಣ ನಮ್ಮ ನಾಲಿಗೆ 'ಟ' ಅನ್ನುತ್ತದೆ, 'ಡಿ' ನೋಡಿದರೆ 'ಡ'. ಸ್ಪ್ಯಾನಿಷ್‌ನಲ್ಲಿ ಇರುವುದು ನಮ್ಮ 'ತ' ಮತ್ತು 'ದ'. ಕೊತ್ತಂಬರಿಯ ಹೆಸರನ್ನು ಸಿಲಾಂತ್ರೊ ಅಂತ ಕನ್ನಡದಲ್ಲಿ ಬರೆದು ಓದಿದರೆ ಸಾಕು, ಸಿಲಾಂಟ್ರೋ ಅನ್ನುವುದು ತಾನಾಗಿ ನಿಲ್ಲುತ್ತದೆ. ಕಷ್ಟ ಕೊಡುವುದು ಉದ್ದನೆಯ 'ರ್ರ' ಮಾತ್ರ. 'ಪೆರೊ' ಅಂದರೆ ಆದರೆ, 'ಪೆರ್ರೊ' ಅಂದರೆ ನಾಯಿ. ಪಾತ್ರೆ ತೊಳೆಯುವಾಗ ಅರ್ರೋಸ್, ಅರ್ರೋಸ್ ಅಂತ ಹೇಳಿಕೊಳ್ಳುತ್ತಾ ಇರಿ, ತಿಂಗಳಲ್ಲಿ ನಾಲಿಗೆ ತಿರುಗುತ್ತದೆ.

ಕನ್ನಡ ಕೈಬಿಡುವ ಜಾಗಗಳೂ ಇವೆ. ನಮ್ಮಲ್ಲಿ ಉಪ್ಪು, ಹಾಲು, ಎಣ್ಣೆ ಎಲ್ಲಾ 'ಅದು'. ಇಲ್ಲಿ ಉಪ್ಪು ಹೆಣ್ಣು, ಅಕ್ಕಿ ಗಂಡು, ಹಾಲು ಹೆಣ್ಣು, ಎಣ್ಣೆ ಗಂಡು. ಇದಕ್ಕೆ ಅಡ್ಡದಾರಿ ಇಲ್ಲ. ಪದ ಕಲಿಯುವಾಗಲೇ 'ಲಾ ಸಾಲ್', 'ಎಲ್ ಅರ್ರೋಸ್', 'ಲಾ ಲೇಚೆ', 'ಎಲ್ ಅಸೇಯ್ತೆ' ಅಂತ ಜೋಡಿಯಾಗಿಯೇ ಕಲಿಯಿರಿ. ಇನ್ನೊಂದು ತೊಡಕು 'ಎಸ್' ಮತ್ತು 'ಎಸ್ತಾ', ಇಂಗ್ಲಿಷ್‌ನ ಒಂದೇ 'ಈಸ್'ಗೆ ಇಲ್ಲಿ ಈ ಎರಡು ಪದ. ಅಡುಗೆಮನೆ ಮಟ್ಟಿಗೆ ನಾನು ಇಟ್ಟುಕೊಂಡಿರುವ ನಿಯಮ: ಬಾಯಿಗೆ ಹಾಕಿ ನೋಡಿ ಹೇಳುವುದಾದರೆ ಎಸ್ತಾ. ಮಾವು ಸಿಹಿ ಹಣ್ಣು ಅನ್ನುವುದಕ್ಕೆ 'ಎಲ್ ಮಾಂಗೊ ಎಸ್ ದುಲ್ಸೆ', ಈಗ ತಿಂದ ಈ ಹಣ್ಣು ಸಿಹಿಯಾಗಿದೆ ಅನ್ನುವುದಕ್ಕೆ 'ಎಸ್ತೆ ಮಾಂಗೊ ಎಸ್ತಾ ದುಲ್ಸೆ'. ರುಚಿಯಾಗಿದೆ, ತಣ್ಣಗಾಗಿದೆ, ಇನ್ನೂ ಬೆಂದಿಲ್ಲ, ಉಪ್ಪಾಗಿದೆ, ಇವೆಲ್ಲಾ ಎಸ್ತಾ.

ಸಂತೆಗೆ ಹೋಗಿ, ಸೂಪರ್ ಮಾರ್ಕೆಟ್‌ಗೆ ಬೇಡ

ಸೂಪರ್ ಮಾರ್ಕೆಟ್‌ನಲ್ಲಿ ಬಾಯಿ ಬಿಡದೆ ತಿಂಗಳಿಡೀ ಸಾಮಾನು ತರಬಹುದು. ಅದೇ ತೊಂದರೆ. ಇಲ್ಲಿ ಪ್ರತಿ ಬಡಾವಣೆಯಲ್ಲೂ ವಾರದ ಒಂದು ದಿನ ರಸ್ತೆಯಲ್ಲೇ ಸಂತೆ ಕೂರುತ್ತದೆ, ಅದಕ್ಕೆ 'ತಿಯಾಂಗಿಸ್' ಅನ್ನುತ್ತಾರೆ. ಸ್ಪೇನ್‌ನವರು ಬರುವ ಮುಂಚಿನಿಂದ ಇಲ್ಲಿದ್ದ ನಾವಾತ್ಲ್ ಭಾಷೆಯ ಪದ ಅದು. ಹಿತೊಮಾತೆ, ಚಿಲೆ, ಚಯೋತೆ, ಕೊಮಾಲ್ ಎಲ್ಲಾ ಅದೇ ಭಾಷೆಯ ಪದಗಳು. ನಮ್ಮ ಸಪೋಟ ಹಣ್ಣಿನ ಹೆಸರಿನ ಬೇರೂ ಅಲ್ಲೇ ಇದೆ. ಇಲ್ಲಿ ಅದು 'ಚಿಕೊಸಪೋತೆ'. ಒಂದೇ ಪದದೊಳಗೆ ಚಿಕ್ಕು, ಸಪೋಟ ಎರಡೂ ಕೇಳಿಸಿದ ದಿನ ನಾನು ಹಣ್ಣಿನ ಗುಡ್ಡೆ ಮುಂದೆ ನಿಂತು ಗಟ್ಟಿಯಾಗಿ ನಕ್ಕಿದ್ದೆ, ಅಂಗಡಿಯವರಿಗೆ ಕಾರಣ ಹೇಳಲು ಆಗ ಭಾಷೆ ಸಾಲಲಿಲ್ಲ.

ಮಾತು ಹೀಗೆ ನಡೆಯುತ್ತದೆ. ಅವರು 'ಕೆ ಲೆ ದಾಮೋಸ್?' ಅನ್ನುತ್ತಾರೆ, ಏನು ಕೊಡೋಣ ಅಂತ. ನೀವು ಮೊದಲು ಬೆಲೆ ಕೇಳಿ, 'ಅ ಕೋಮೊ ಎಲ್ ಕೀಲೊ?' ಆಮೇಲೆ 'ಮೆ ದಾ ಮೆದಿಯೊ ಕೀಲೊ', ಅರ್ಧ ಕಿಲೋ ಕೊಡಿ. ಕಾಲು ಕಿಲೋಗೆ ಬರೀ 'ಉನ್ ಕುವಾರ್ತೊ' ಅಂದರೆ ಸಾಕು. ಸೊಪ್ಪಿನ ಕಟ್ಟಿಗೆ 'ಮನೋಹೊ'. ಬೆಣ್ಣೆಹಣ್ಣೋ ಪಪ್ಪಾಯಿಯೋ ಕೇಳಿದರೆ 'ಪಾರಾ ಓಯ್ ಒ ಪಾರಾ ಮನ್ಯಾನಾ?' ಅನ್ನುತ್ತಾರೆ, ಇವತ್ತಿಗಾ ನಾಳೆಗಾ ಅಂತ. ಇವತ್ತಿಗೆ ಅಂದರೆ ಅವರೇ ಒತ್ತಿ ನೋಡಿ ಹಣ್ಣಾದದ್ದನ್ನು ಆರಿಸಿ ಕೊಡುತ್ತಾರೆ. ನಾಲ್ಕು ವಾರ ಒಂದೇ ಅಂಗಡಿಗೆ ಹೋಗಿ. ಅವರು ನಿಮ್ಮನ್ನು 'ಮರ್ಚಾಂತಾ' ಅಂತ ಕರೆಯಲು ಶುರು ಮಾಡುತ್ತಾರೆ, ನೀವೂ ಅವರನ್ನು ಹಾಗೇ ಕರೆಯಬಹುದು, ಗಂಡಸಾದರೆ ಮರ್ಚಾಂತೆ. ಆಗ ತೂಕ ಆದ ಮೇಲೆ ಎರಡು ಮೆಣಸಿನಕಾಯಿಯೋ ಒಂದು ಹಿಡಿ ಕೊತ್ತಂಬರಿಯೋ ಮೇಲೆ ಬೀಳುತ್ತದೆ. ಅದಕ್ಕೆ ಇಲ್ಲಿ 'ಪಿಲೋನ್' ಅನ್ನುತ್ತಾರೆ. ನಮ್ಮ ಕೊಸರು! ಇಂಗ್ಲಿಷ್‌ನಲ್ಲಿ ಇದಕ್ಕೆ ನೆಟ್ಟಗೆ ಒಂದು ಪದ ನನಗೆ ಸಿಕ್ಕಿಲ್ಲ, ಕನ್ನಡದಲ್ಲಿದೆ, ಇಲ್ಲಿದೆ.

ನಮ್ಮ ಅಡುಗೆಗೆ ಬೇಕಾದ್ದು ಎಷ್ಟೋ ಈ ಸಂತೆಯಲ್ಲೇ ಇರುತ್ತದೆ, ಹೆಸರು ಗೊತ್ತಿರಬೇಕು ಅಷ್ಟೇ. ಸೀಮೆಬದನೆಗೆ ಚಯೋತೆ. ಅದು ಹುಟ್ಟಿದ್ದೇ ಈ ಕಡೆ. ಹುರುಳಿಕಾಯಿಗೆ ಎಹೋತೆ, ಗೆಣಸಿಗೆ ಕಮೋತೆ, ಜೀರಿಗೆಗೆ ಕೊಮಿನೊ, ಹುಣಸೆಗೆ ತಮರಿಂದೊ, ಬೆಲ್ಲಕ್ಕೆ ಪಿಲೊನ್ಸೀಯೊ. ದಂಟಿನ ಜಾತಿಯ ಸೊಪ್ಪಿಗೆ ಕಿಂತೊನೀಲೆಸ್, ಗೋಣಿಸೊಪ್ಪಿಗೆ ಬೆರ್ದೊಲಾಗಾಸ್. ಮಳೆಗಾಲದಲ್ಲಿ ಸೊಪ್ಪು ಜಾಸ್ತಿ ಬರುತ್ತದೆ, ಆಗ ಬಸ್ಸಾರು ಮಾಡಿ. ತೊಗರಿಬೇಳೆ ಸಂತೆಯಲ್ಲಿ ಸಿಗುವುದು ಕಷ್ಟ. ಅದರ ಜಾಗಕ್ಕೆ ನಾನು ಸಿಪ್ಪೆ ತೆಗೆದ ಹಳದಿ 'ಆಬಾ' ಬೇಳೆ ಬಳಸುತ್ತೇನೆ. ಇಲ್ಲಿಯವರು ಅದರಲ್ಲೇ ಗಟ್ಟಿ ಸೂಪು ಮಾಡುತ್ತಾರೆ. ಕರಗಿ ಬೇಯುತ್ತದೆ, ವಾಸನೆ ಸ್ವಲ್ಪ ಬೇರೆ, ಆದರೆ ಹುಳಿಗೆ ಚೆನ್ನಾಗಿ ಹೊಂದುತ್ತದೆ.

ಮೆಣಸಿನಕಾಯಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮೆಣಸಿನಕಾಯಿ ಈ ನೆಲದ ಬೆಳೆ. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆಗೆ ಬಂದದ್ದು. 2011ರಲ್ಲಿ ಜಿಐ ಟ್ಯಾಗ್ ಸಿಕ್ಕ ನಮ್ಮ ಬ್ಯಾಡಗಿಯ ಮೂಲವೂ ಇದೇ ಕಡೆಯದು. ಒಣ ಮೆಣಸಿನಕಾಯಿ ಅಂಗಡಿಯ ಮುಂದೆ ನಿಂತರೆ ಹತ್ತು ಹದಿನೈದು ಬಗೆ ಮೂಟೆಗಳಲ್ಲಿ ಇರುತ್ತವೆ. ಗಾಬರಿ ಬೇಡ, ನಮಗೆ ಎರಡು ಸಾಕು. ಬಣ್ಣಕ್ಕೆ 'ಗುವಹೀಯೊ', ಖಾರಕ್ಕೆ 'ಚಿಲೆ ದೆ ಆರ್ಬೊಲ್'. ಗುವಹೀಯೊ ಉದ್ದ, ಅಗಲ, ಹೊಳೆಯುವ ಕಡುಗೆಂಪು, ಖಾರ ಕಡಿಮೆ. ಬ್ಯಾಡಗಿಯ ಕೆಲಸಕ್ಕೆ ಅದೇ ಹತ್ತಿರ. ಆರ್ಬೊಲ್ ಸಣ್ಣದು, ತೆಳ್ಳಗಿನದು, ಗುಂಟೂರು ಕಾಯಿಯ ಹಾಗೆ ಕಟುವಾದದ್ದು. ಸಾರಿನ ಪುಡಿಗೆ ನನ್ನ ಅಳತೆ ಆರು ಗುವಹೀಯೊಗೆ ಎರಡು ಆರ್ಬೊಲ್. ಗುವಹೀಯೊದ ಬೀಜ ತೆಗೆದು, ಕಾವಲಿ ಮೇಲೆ ಸಣ್ಣ ಉರಿಯಲ್ಲಿ, ಒಂದೊಂದು ಮಗ್ಗುಲಿಗೆ ಕೆಲವೇ ಸೆಕೆಂಡು. ಬಣ್ಣ ಕಪ್ಪಿಗೆ ತಿರುಗಿದರೆ ಕಹಿ ಬಂತು ಅಂತಲೇ ಲೆಕ್ಕ, ಆ ಕಾಯಿ ಬಿಸಾಡಿ ಹೊಸದು ಹಾಕಿ.

ಇಲ್ಲಿನ ಒಲೆ ಬೇರೆ

ಮೆಕ್ಸಿಕೋ ಸಿಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮುನ್ನೂರು ಮೀಟರ್ ಮೇಲೆ. ಇಲ್ಲಿ ನೀರು 93 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರುವಾಗುತ್ತದೆ, ಹಾಗಾಗಿ ಕುದಿಯುತ್ತಿದ್ದರೂ ಬೇಳೆ ಬೇಗ ಬೇಯುವುದಿಲ್ಲ. ಬಂದ ಹೊಸದರಲ್ಲಿ ಬೇಳೆಯೇ ಹಳೆಯದು ಅಂದುಕೊಂಡು ಅಂಗಡಿ ಬದಲಿಸುತ್ತಿದ್ದೆ. ತಪ್ಪು ಬೇಳೆಯದಲ್ಲ. ಕುಕ್ಕರ್ ಇಲ್ಲದೆ ಇಲ್ಲಿ ಬೇಳೆ ಬೇಯಿಸಲು ಹೋಗಬೇಡಿ. ಅಂಗಡಿಯಲ್ಲಿ 'ಓಯಾ ಎಕ್ಸ್‌ಪ್ರೇಸ್' ಅಂತ ಕೇಳಿ. ಕಾಳು ರಾತ್ರಿಯೇ ನೆನೆಸಿಡಿ, ಊರಿನಲ್ಲಿ ಕೂಗಿಸುವುದಕ್ಕಿಂತ ಒಂದೆರಡು ವಿಷಲ್ ಜಾಸ್ತಿ ಕೂಗಿಸಿ. ರಾತ್ರಿ ಚಳಿ ಇರುವುದರಿಂದ ದೋಸೆ ಹಿಟ್ಟೂ ಬೇಗ ಉಬ್ಬುವುದಿಲ್ಲ. ಉರಿ ಹಚ್ಚದ ಓವನ್ ಒಳಗೆ, ಪಕ್ಕದಲ್ಲಿ ಬಿಸಿನೀರಿನ ಪಾತ್ರೆ ಇಟ್ಟು ಮುಚ್ಚಿಡಿ.

ಊರಿನಿಂದ ಮಿಕ್ಸಿ ಹೊತ್ತುಕೊಂಡು ಬರಬೇಡಿ. ಇಲ್ಲಿನ ಕರೆಂಟು 127 ವೋಲ್ಟ್, ನಮ್ಮದು 230. ಇಲ್ಲಿ ಸಿಗುವ 'ಲಿಕುವದೋರಾ' ಚಟ್ನಿಗೆ ಆಗುತ್ತದೆ, ಒಣ ಪುಡಿಗೆ ಆಗುವುದಿಲ್ಲ. ಬ್ಯಾಗಿನಲ್ಲಿ ಇಂಗು, ಮೆಂತ್ಯ, ಸಾಸಿವೆಯ ಪೊಟ್ಟಣ, ಸಾರಿನ ಪುಡಿ ಬರಲಿ, ಆದರೆ ಹೊರಡುವ ಮುಂಚೆ ಬೀಜಗಳಿಗೆ ಸಂಬಂಧಿಸಿದ ನಿಯಮ ಒಮ್ಮೆ ನೋಡಿಕೊಳ್ಳಿ. ಕರಿಬೇವಿನ ಗಿಡ ತರಲು ಹೋಗಬೇಡಿ. ಗಸಗಸೆಯಂತೂ ಬೇಡವೇ ಬೇಡ, ಈ ದೇಶದೊಳಗೆ ಅದನ್ನು ತರುವುದು ನಿಷೇಧ. ಪಾಯಸಕ್ಕೆ ಅಂತ ಅಮ್ಮ ಕಟ್ಟಿಕೊಟ್ಟಿದ್ದರೂ ತೆಗೆದಿಡಿ.

ರೊಟ್ಟಿ ಬೇಕು ಅನಿಸಿದಾಗ ಇಲ್ಲಿನ ಮೆಕ್ಕೆಜೋಳದ ರೊಟ್ಟಿ ಮಾಡಿ ಮಾರುವ ಅಂಗಡಿ 'ತೊರ್ತಿಯೆರೀಯಾ'ಗೆ ಹೋಗಿ ಅರ್ಧ ಕಿಲೋ 'ಮಾಸಾ' ಕೇಳಿ. ಅದು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು ರುಬ್ಬಿದ ಹಿಟ್ಟು. ಸುಣ್ಣ ಅಂದರೆ ಮುಖ ಕಿವುಚಬೇಡಿ, ಎಲೆಅಡಿಕೆ ಹಾಕುವ ಊರಿನವರು ನಾವು. ಹಿಟ್ಟಿಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಸಬ್ಬಸಿಗೆ, ಹಸಿಮೆಣಸು, ಕಾಯಿತುರಿ, ಉಪ್ಪು ಹಾಕಿ ಕಲಸಿ. ಸಬ್ಬಸಿಗೆಗೆ 'ಎನೆಲ್ದೊ' ಅಂತ ಕೇಳಬೇಕು. ಒದ್ದೆ ಬಟ್ಟೆಯ ಮೇಲೆ ತಟ್ಟಿ, ಕಾದ ಕೊಮಾಲ್ ಮೇಲೆ ಬಟ್ಟೆ ಸಮೇತ ಮಗುಚಿ, ಬಟ್ಟೆ ಬಿಡಿಸಿಕೊಳ್ಳಿ. ಕೊಮಾಲ್ ಅಂದರೆ ನಮ್ಮ ಕಾವಲಿಯೇ. ಅಂಚಿಗೆ ಎಣ್ಣೆ ಬಿಟ್ಟು ಎರಡೂ ಕಡೆ ಕೆಂಪಗೆ ಬೇಯಿಸಿ. ಅಕ್ಕಿರೊಟ್ಟಿಗಿಂತ ಮೆತ್ತಗೆ, ಆದರೆ ಮುರಿಯುವುದಿಲ್ಲ.

ಸಸ್ಯಾಹಾರಿಗಳು ಇದನ್ನು ಬಾಯಿಪಾಠ ಮಾಡಿ

ಬರೀ 'ಕಾರ್ನೆ' ತಿನ್ನುವುದಿಲ್ಲ ಅಂದರೆ ಕೋಳಿ ಬರಬಹುದು, ಎಷ್ಟೋ ಜನರಿಗೆ ಕಾರ್ನೆ ಅಂದರೆ ದನ, ಹಂದಿ ಮಾತ್ರ. ಪೂರ್ತಿ ಹೇಳಿ: 'ನೊ ಕೋಮೊ ಕಾರ್ನೆ, ನಿ ಪೋಯೊ, ನಿ ಪೆಸ್ಕಾದೊ'. ಅಷ್ಟಕ್ಕೂ ಮುಗಿಯುವುದಿಲ್ಲ. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರಬಹುದು, ಕಾಳಿಗೆ ಹಂದಿ ಕೊಬ್ಬು ಹಾಕಿರಬಹುದು. ಇಲ್ಲಿ 'ಯೇಬಾ' ಅನ್ನುವ ಒಂದು ಪದ ನಿಮ್ಮನ್ನು ಕಾಯುತ್ತದೆ. 'ಕೆ ಯೇಬಾ?' ಅಂದರೆ ಇದಕ್ಕೆ ಏನೇನು ಹಾಕಿದ್ದೀರಿ. 'ಯೇಬಾ ಕಾಲ್ದೊ ದೆ ಪೋಯೊ?' ಕೋಳಿ ಸಾರು ಹಾಕಿದ್ದೀರಾ. 'ಯೇಬಾ ಮಂತೇಕಾ?' ಹಂದಿ ಕೊಬ್ಬು ಇದೆಯಾ. ಮಂತೇಕಾ ಬೇರೆ, 'ಮಂತೆಕೀಯಾ' ಬೇರೆ. ಎರಡನೆಯದು ಬೆಣ್ಣೆ. ಈ ಎರಡನ್ನು ಅದಲುಬದಲು ಮಾಡಿಕೊಳ್ಳಬೇಡಿ. ಮಧ್ಯಾಹ್ನದ ಊಟ ಇಲ್ಲಿ ಎರಡರಿಂದ ನಾಲ್ಕು ಗಂಟೆ ಒಳಗೆ. ಬೀದಿಯ ಸಣ್ಣ ಊಟದ ಹೋಟೆಲುಗಳಾದ 'ಫೋಂದಾ'ಗಳಲ್ಲಿ ಸೂಪು, ಅನ್ನ, ಪಲ್ಯದಂಥದ್ದು, ಹಣ್ಣಿನ ಪಾನಕ ಎಲ್ಲಾ ಸೇರಿ ಒಂದು ಬೆಲೆ. ಜನ ಕಡಿಮೆಯಾದ ಮೇಲೆ ಹೋದರೆ ಅಡುಗೆಯವರೇ ಹೊರಗೆ ಬಂದು ಯಾವುದರಲ್ಲಿ ಏನಿದೆ ಅಂತ ಹೇಳುತ್ತಾರೆ, ಅರ್ಧ ಗಂಟೆಯ ಪಾಠ ಪುಕ್ಕಟೆ. ಎದ್ದು ಹೊರಡುವಾಗ ಪಕ್ಕದ ಮೇಜಿನವರಿಗೆ 'ಪ್ರೊಬೇಚೊ' ಅನ್ನುವುದನ್ನು ಮರೆಯಬೇಡಿ, ಗುರುತು ಇಲ್ಲದವರಿಗೂ ಹೇಳುವುದು ಇಲ್ಲಿನ ಮರ್ಯಾದೆ.

ಕಿವಿಗೆ ಬೀದಿ, ಬಾಯಿಗೆ ರಾತ್ರಿ

ಕೇಳಿ ಅರ್ಥ ಮಾಡಿಕೊಳ್ಳುವುದು ಮಾತಾಡುವುದಕ್ಕಿಂತ ಕಷ್ಟ. ಅದಕ್ಕೆ ಕಿಟಕಿ ತೆಗೆದಿಡಿ. ಹಳೇ ಸಾಮಾನು ಕೊಳ್ಳುವ ಗಾಡಿ ಒಂದು ಹುಡುಗಿಯ ದನಿಯ ರೆಕಾರ್ಡಿಂಗ್ ಹಾಕಿಕೊಂಡು ಬೀದಿ ಬೀದಿ ಸುತ್ತುತ್ತದೆ. ಹಾಸಿಗೆ, ಫ್ರಿಜ್ಜು, ಒಲೆ, ವಾಷಿಂಗ್ ಮಷೀನು ಅಂತ ಮನೆ ಸಾಮಾನಿನ ಪಟ್ಟಿಯನ್ನೇ ಎಳೆದೆಳೆದು ಹೇಳುತ್ತದೆ. ಮೊದಲ ವಾರ ಅದು ಬರೀ ಸದ್ದು. ಒಂದೊಂದೇ ಪದ ಬಿಡಿಸಿಕೊಳ್ಳುತ್ತಾ ಹೋಗಿ, ಪಟ್ಟಿ ಪೂರ್ತಿ ತಿಳಿದ ದಿನ ನಿಮ್ಮ ಕಿವಿ ತೆರೆದಿದೆ ಅಂತ ಅರ್ಥ. ಗ್ಯಾಸ್‌ನವರು ಕೂಗುತ್ತಾರೆ, ರಾತ್ರಿ ಮೆಕ್ಕೆಜೋಳದ ಹಿಟ್ಟಿನ ಕಡುಬಿನಂಥ ತಮಾಲೆಸ್ ಮಾರುವ ಗಾಡಿ ಬರುತ್ತದೆ. ಎಲ್ಲವೂ ದಿನಾ ಅದೇ ಮಾತು, ಅದೇ ರಾಗ, ಕಲಿಯುವವರಿಗೆ ಇದಕ್ಕಿಂತ ಇನ್ನೇನು ಬೇಕು.

ಬಾಯಿಗೆ ಅಭ್ಯಾಸ ರಾತ್ರಿ ಮಾಡಿ. ಪಾತ್ರೆ ತೊಳೆದ ಮೇಲೆ ಇವತ್ತು ಏನು ಮಾಡಿದೆ ಅಂತ ಐದು ವಾಕ್ಯ ಗಟ್ಟಿಯಾಗಿ ಹೇಳಿ. ನೆನೆಸಿದೆ, 'ರೆಮೊಹೇ'. ಹೆಚ್ಚಿದೆ, 'ಪಿಕೇ'. ಹುರಿದೆ, 'ತೊಸ್ತೇ'. ರುಬ್ಬಿದೆ, 'ಮೊಲೀ'. ಉಪ್ಪು ಹಾಕಿದೆ, 'ಲೆ ಪೂಸೆ ಸಾಲ್'. ಮಧ್ಯೆ 'ಪ್ರಿಮೇರೊ', 'ಲುವೇಗೊ', 'ಅಲ್ ಫಿನಾಲ್' ಸೇರಿಸಿ, ಮೊದಲು, ಆಮೇಲೆ, ಕೊನೆಗೆ ಅಂತ. ಭೂತಕಾಲದ ರೂಪಗಳನ್ನು ನಾನು ಕೋಷ್ಟಕ ನೋಡಿ ಕಲಿತಿಲ್ಲ, ಹೀಗೇ ಕಲಿತೆ.

ಮತ್ತೆ ಒಬ್ಬ ಮನುಷ್ಯರು ಬೇಕು. ನನಗೆ ಮೇಲಿನ ಮನೆಯ ಸೆನ್ಯೋರಾ ಸಿಕ್ಕರು. ಅವರು ನನ್ನನ್ನು 'ಬೆಸೀನಾ' ಅನ್ನುತ್ತಾರೆ, ಪಕ್ಕದ ಮನೆಯವರೇ ಅಂತ. ನಾನು 'ಮೊಲ್ಕಹೇತೆ' ಅನ್ನುವ ಕಲ್ಲಿನ ಒರಳು ಕೊಂಡು ತಂದ ದಿನ ಮೆಟ್ಟಿಲ ಮೇಲೆ ನೋಡಿ ನಿಲ್ಲಿಸಿದರು. ಹಾಗೇ ಬಳಸಬೇಡ, ಮೊದಲು ಒಂದು ಹಿಡಿ ಹಸಿ ಅಕ್ಕಿ ಹಾಕಿ ಅರೆ, ಅಕ್ಕಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಚೆಲ್ಲಿ ಮತ್ತೆ ಅರೆ, ಹಿಟ್ಟು ಬೆಳ್ಳಗೆ ಬರುವವರೆಗೆ, ಕೊನೆಗೆ ಬೆಳ್ಳುಳ್ಳಿ ಮತ್ತು ಕಲ್ಲುಪ್ಪು ಅಂದರು. ಮಾತಿಗಿಂತ ಜಾಸ್ತಿ ಕೈಯಲ್ಲೇ ತೋರಿಸಿದರು. ನಮ್ಮ ಅಜ್ಜಿ ಹೊಸ ಒರಳನ್ನು ಪಳಗಿಸುತ್ತಿದ್ದುದು ಕಣ್ಣಿಗೆ ಬಂತು. ಅರೆದು ಅರೆದು ಮೂರನೇ ದಿನಕ್ಕೆ ಹಿಟ್ಟು ಬೆಳ್ಳಗೆ ಬಂತು.

ಹೋದ ತಿಂಗಳು ಅವರಿಗೆ ಚಿತ್ರಾನ್ನ ಕೊಟ್ಟೆ. ಒಂದು ತುತ್ತು ತಿಂದು 'ಕೆ ಯೇಬಾ?' ಅಂದರು. ಆ ರಾತ್ರಿ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದೆ, ನನ್ನ ಮೊದಲ ಪೂರ್ತಿ ಸ್ಪ್ಯಾನಿಷ್ ಅಡುಗೆ ವಿಧಾನ, ಎರಡು ನಿಮಿಷ. ಕಡಲೆಕಾಯಿಗೆ ಕಕವಾತೆ, ಅರಿಶಿನಕ್ಕೆ ಕುರ್ಕುಮಾ, ಹಸಿಮೆಣಸಿಗೆ ಚಿಲೆ ಸೆರ್ರಾನೊ, ಕೊನೆಗೆ ಒಂದು ಲಿಮೋನ್ ಹಿಂಡಿ. ಭಾನುವಾರ ಅವರೇ ಮಾಡಿ ಒಂದು ತಟ್ಟೆ ಕೆಳಗೆ ತಂದರು. ಬಣ್ಣ ಸರಿಯಾಗಿತ್ತು, ಕಡಲೆಕಾಯಿ ಗರಿಗರಿಯಾಗಿತ್ತು. ನಾನು ತಿನ್ನುವುದನ್ನೇ ನೋಡುತ್ತಾ 'ಲೆ ಫಾಲ್ತಾ ಲಿಮೋನ್, ನೋ?' ಅಂದರು. ಇಲ್ಲಿನ ನಿಂಬೆಹಣ್ಣು ಸಣ್ಣದು, ಒಂದು ಅಂದದ್ದು ನನ್ನದೇ ತಪ್ಪು. 'ಸೀ' ಅಂದೆ, 'ಲೆ ಫಾಲ್ತಾನ್ ದೋಸ್', ಇನ್ನೂ ಎರಡು ಬೇಕು. ಅವರು ಅಡುಗೆಮನೆ ಕಡೆ ಕೈ ತೋರಿಸಿ, ಚಾಕು ಎಲ್ಲಿದೆ ಅಂತ ಕೇಳಿದರು.